ಜಪಾನೀ ಅನ್‌ಲಿಮಿಟೆಡ್ ಊಟಕ್ಕೆ ಬೆಳಿಗ್ಗೆಯಿಂದ ಉಪವಾಸ ಇದ್ದು ಹೋದರೆ ದುಡ್ಡು ವಸೂಲಿ ಆಗುತ್ತಾ? ಜೊತೆಗೆ ಬರುವ ಅತ್ತಿಗೆ ಶುದ್ಧ ಸಸ್ಯಾಹಾರಿ, ಅವರು ಏನು ತಿನ್ನಬಹುದು?

ಉಪವಾಸ ಬೇಡವೇ ಬೇಡ. ನಾನೂ ಶಿವಮೊಗ್ಗದಿಂದ ಬೆಳಗಿನ ರೈಲು ಹತ್ತಿ, ತಿಂಡಿ ಬಿಟ್ಟು, ಬೆಂಗಳೂರಿನ ಅಂಥದ್ದೊಂದು ಹೋಟೆಲಿಗೆ ಹೋಗಿದ್ದೆ. ಒಂದು ಗಂಟೆಗೆ ಕೂತವನಿಗೆ ಒಂದೂವರೆಗೆಲ್ಲ ಒಂದು ತುತ್ತೂ ಇಳಿಯದ ಸ್ಥಿತಿ. ಹಸಿದ ಹೊಟ್ಟೆ ಅನ್ನ ಕೇಳುತ್ತದೆ, ಮಲೆನಾಡಿನವರದ್ದಂತೂ ಮೊದಲು ಅದನ್ನೇ ಕೇಳುತ್ತದೆ. ಮೆನುವಿನಲ್ಲಿ ಕಂಡ ಸುಶಿ ರೋಲ್‌ಗಳಲ್ಲಿ, ಅಂದರೆ ಅನ್ನದ ಸುರುಳಿಗಳಲ್ಲಿ, ಐದು ಬಗೆ ಒಟ್ಟಿಗೇ ಹೇಳಿಬಿಟ್ಟೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೋರಿ ಎಂಬ ಕಡಲಪಾಚಿಯ ಹಾಳೆ ಒಳಗಿದ್ದು ಅನ್ನ ಹೊರಗಿರುವ ಒಂದು ರೋಲ್‌ಗೆ ಸುಮಾರು 100 ಗ್ರಾಂ ಅನ್ನ ಹಿಡಿಯುತ್ತದೆ, ಕತ್ತರಿಸಿದರೆ 8 ತುಂಡು. ಐದು ರೋಲ್ ಅಂದರೆ 40 ತುಂಡು, ಅರ್ಧ ಕೆಜಿ ಅನ್ನ! ಅದು ನಮ್ಮ ಸೋನಾಮಸೂರಿಯ ಹಾಗೆ ಉದುರುದುರಾಗಿ ಇರುವುದಿಲ್ಲ. ಗಿಡ್ಡ ಕಾಳಿನ ಅಂಟು ಅನ್ನಕ್ಕೆ ಬಿಸಿ ಇರುವಾಗಲೇ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ, ಬಿದಿರಿನ ಚಾಪೆಯಲ್ಲಿ ಒತ್ತಿ ಸುತ್ತುತ್ತಾರೆ. ತಟ್ಟೆಯಲ್ಲಿ ಚಿಕ್ಕದು, ಹೊಟ್ಟೆಯಲ್ಲಿ ಕಡುಬಿನಷ್ಟು ಭಾರ. ಹೊಟ್ಟೆ ತುಂಬಿದ್ದು ತಿಳಿಯಲು ಸುಮಾರು 20 ನಿಮಿಷ ಬೇಕು, ಹಸಿದವನು ಅಷ್ಟರೊಳಗೆ ಮಿತಿ ದಾಟಿರುತ್ತಾನೆ. 14 ತುಂಡು ಹಾಗೇ ಉಳಿದವು. ಬಿಟ್ಟದ್ದಕ್ಕೆ ಬೇರೆ ದರ ಎಂದು ಮೆನುವಿನ ಕೊನೆಯ ಸಾಲಿನಲ್ಲಿತ್ತು, ಬಿಲ್‌ಗೆ ಅದೂ ಸೇರಿತು. ಸಾಶಿಮಿ, ಅಂದರೆ ಅನ್ನವಿಲ್ಲದ ಹಸಿ ಮೀನಿನ ಹೋಳು, ಒಂದೂ ರುಚಿ ನೋಡಲಾಗಲಿಲ್ಲ.

ಹಾಗಾಗಿ ವಸೂಲಿಯ ಲೆಕ್ಕವನ್ನೇ ಬಿಡಿ. ಹೊಟ್ಟೆ ತುಂಬಿಸಲು ಮನೆಯ ಅಕ್ಕಿರೊಟ್ಟಿ ಇದೆ. ಇಲ್ಲಿ ಹತ್ತು ಬಗೆಯನ್ನು ಎರಡೆರಡು ತುಂಡಿನಷ್ಟು ನೋಡಬಹುದು, ಕೊಡುವ ದುಡ್ಡು ಅದಕ್ಕೆ.

ಬೆಳಿಗ್ಗೆ ಎರಡು ಇಡ್ಲಿ ತಿಂದೇ ಹೋಗಿ. ಕೂತ ಕೂಡಲೇ ಸಮಯ ಎಷ್ಟು (ಹೆಚ್ಚಾಗಿ 90 ನಿಮಿಷ ಇಲ್ಲವೇ ಎರಡು ಗಂಟೆ), ಕೊನೆಯ ಆರ್ಡರ್ ಯಾವಾಗ, ತಟ್ಟೆಯಲ್ಲಿ ಬಿಟ್ಟರೆ ಎಷ್ಟು ಎಂದು ಕೇಳಿಕೊಳ್ಳಿ. ಒಬ್ಬರಿಗೆ ಒಂದು ಸಲಕ್ಕೆ ನಾಲ್ಕು ತುಂಡು ಸಾಕು. ಮೊದಲು ಸಾಶಿಮಿ, ಆಮೇಲೆ ನಿಗಿರಿ. ನಿಗಿರಿಯಲ್ಲಿ ಮೀನಿನಡಿಯ ಅನ್ನದ ಉಂಡೆ 15-20 ಗ್ರಾಂ ಅಷ್ಟೇ. ಬಿಳಿ ಮೀನು ಮೊದಲು, ಜಿಡ್ಡಿನ ಸಾಲ್ಮನ್ ಆಮೇಲೆ, ನಡುವೆ ಬಾಯಿ ಶುಚಿಗೆ ಶುಂಠಿ ಉಪ್ಪಿನಕಾಯಿಯ ಒಂದು ಎಸಳು. ನಿಗಿರಿಯನ್ನು ಕೈಯಲ್ಲೇ ಹಿಡಿಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಮಗುಚಿ ಮೀನಿನ ತುದಿಯನ್ನಷ್ಟೇ ಸೋಯಾ ಸಾಸ್‌ಗೆ ಮುಟ್ಟಿಸಿ. ಅನ್ನದ ಕಡೆ ಅದ್ದಿದರೆ ಅದು ಸಾಸ್ ಹೀರಿಕೊಂಡು ಬಟ್ಟಲಲ್ಲೇ ಕದಡಿಹೋಗುತ್ತದೆ, ಬಾಯಿಗೆ ಬರೀ ಉಪ್ಪು. ವಸಾಬಿ ಎಂಬ ಹಸಿರು ಖಾರದ ಮುದ್ದೆ ಅಕ್ಕಿಕಾಳಿನಷ್ಟು ಸಾಕು, ಘಾಟು ನಾಲಿಗೆಗಿಂತ ಮೂಗಿಗೆ ಹೊಡೆಯುತ್ತದೆ. ಟೆಂಪುರಾ, ಅಂದರೆ ತೆಳು ಹಿಟ್ಟಿನಲ್ಲಿ ಅದ್ದಿ ಕರಿದದ್ದು, ಬಂದ ತಕ್ಷಣ ತಿನ್ನಬೇಕು, ಐದು ನಿಮಿಷ ಬಿಟ್ಟರೆ ತಣಿದ ಬಜ್ಜಿಯಂತೆ ಮೆತ್ತಗಾಗುತ್ತದೆ.

ಜೊತೆಗೆ ಬರುವ ಅತ್ತಿಗೆ ಶುದ್ಧ ಸಸ್ಯಾಹಾರಿ ಎಂದು ಬರೆದಿದ್ದೀರಿ. ಅವರಿಗೆ ಮೆನುವಿನ ಹಸಿರು ಚುಕ್ಕೆಯೊಂದನ್ನೇ ನಂಬಬೇಡಿ, "ದಾಶಿ ಹಾಕುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ದಾಶಿ ಎಂದರೆ ನಮ್ಮ ಸಾರಿನ ಬೇಳೆಕಟ್ಟಿನ ಹಾಗೆ ಅವರ ಅಡುಗೆಯ ಬುಡ. ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಯ ಜೊತೆ ಒಣಮೀನಿನ ಚಕ್ಕೆ ಹಾಕಿ ತೆಗೆಯುತ್ತಾರೆ. ನೋಡಲು ತಿಳಿನೀರು, ಮೀನೆಂದು ಗೊತ್ತೇ ಆಗುವುದಿಲ್ಲ. ಹುದುಗಿಸಿದ ಸೋಯಾ ಮುದ್ದೆಯ ಮಿಸೋ ಸೂಪ್, ಟೆಂಪುರಾ ಅದ್ದುವ ರಸ, ಇನಾರಿಯ (ಕರಿದ ತೋಫು ಚೀಲದೊಳಗೆ ಅನ್ನ ತುಂಬಿದ ಸುಶಿ) ಚೀಲ ಬೇಯಿಸಿದ ನೀರು, ಎಲ್ಲದರಲ್ಲೂ ಅದು ಇರಬಹುದು. ಟೆಂಪುರಾ ಎಣ್ಣೆಯಲ್ಲಿ ಸೀಗಡಿಯನ್ನೂ ಕರಿಯುತ್ತಾರಾ ಎಂದೂ ಕೇಳಿ. ಕಪ್ಪಾ ಮಾಕಿ ಎಂಬ ಸೌತೆಕಾಯಿಯ ರೋಲ್, ಬೆಣ್ಣೆಹಣ್ಣಿನ ರೋಲ್, ಉಪ್ಪು ಹಾಕಿ ಬೇಯಿಸಿದ ಎದಮಾಮೆ ಅವರಿಗೆ ಆಗುತ್ತದೆ. ಎದಮಾಮೆ ಎಳೆ ಸೋಯಾ ಕಾಯಿ, ಸಿಪ್ಪೆ ತಿನ್ನಬಾರದು, ಅವರೆಕಾಳಿನ ಹಾಗೆ ಹಿಚುಕಿ ಕಾಳು ಮಾತ್ರ.

ಕೊನೆಯ ಆರ್ಡರ್ ಕೇಳಲು ಬಂದಾಗ ಗಾಬರಿಬಿದ್ದು ಇನ್ನೊಂದು ರೋಲ್ ಹೇಳಬೇಡಿ. ಹಸಿವಿದ್ದರೆ ಎರಡು ನಿಗಿರಿ, ಇಲ್ಲದಿದ್ದರೆ ಒಂದು ಲೋಟ ಹಸಿರು ಚಹಾ.