ಫೈಲ್ ಬಂತು, ತಾರೀಖು ಎಲ್ಲಿ ಹೋಯ್ತು?

ಪ್ರಶ್ನೆ: ಗದಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕುಗಳ ಹಳೆ ಡಿಸೈನುಗಳನ್ನೆಲ್ಲ ನೆಟ್‌ವರ್ಕ್ ಮೂಲಕ ಹೊಸ ಕಂಪ್ಯೂಟರಿಗೆ ಕಾಪಿ ಮಾಡಿದೆವು. ಎರಡರಲ್ಲೂ ವಿಂಡೋಸ್ ಇದೆ. ಈಗ ನೋಡಿದರೆ ಎಲ್ಲ ಫೈಲಿಗೂ ಕಾಪಿ ಮಾಡಿದ ದಿನದ್ದೇ ತಾರೀಖು. ಗಿರಾಕಿ ಬಂದು ‘ಹೋದ ವರ್ಷ ಯುಗಾದಿ ಹೊತ್ತಿಗೆ ಮಾಡಿಸಿದ್ವಲ್ಲ’ ಅಂದರೆ ಹುಡುಕೋದು ಹೇಗೆ?

ಉತ್ತರ: ಹಳೆ ಕಂಪ್ಯೂಟರಿನಲ್ಲಿರೋದನ್ನ ಇನ್ನೂ ಅಳಿಸಿಲ್ಲ ತಾನೇ? ಹಾಗಾದರೆ ಏನೂ ಕಳೆದಿಲ್ಲ. ನೀವು ನೋಡುತ್ತಿರೋದು ‘ಡೇಟ್ ಕ್ರಿಯೇಟೆಡ್’ ಕಾಲಮ್ ಇರಬೇಕು. ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಹೊಸ ಕಡೆ ಫೈಲು ಆಗ ತಾನೇ ಹುಟ್ಟಿದಂತೆ ಲೆಕ್ಕ, ಅದಕ್ಕೇ ಆ ತಾರೀಖು. ‘ಡೇಟ್ ಮಾಡಿಫೈಡ್’ ಕಾಲಮ್ ತೆಗೆದು ನೋಡಿ, ಡಿಸೈನನ್ನು ಕೊನೆಗೆ ಸೇವ್ ಮಾಡಿದ ದಿನ ಅಲ್ಲೇ ಸಿಗುತ್ತೆ.

ಎಲ್ಲವೂ ಇದ್ದ ಹಾಗೇ ಬರಬೇಕು ಅಂದರೆ ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಬಳಸಿ. ಹಳೆ ಫೋಲ್ಡರನ್ನು ಶೇರ್ ಮಾಡಿ, ಹೊಸ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ (ಕಂಪ್ಯೂಟರ್, ಫೋಲ್ಡರ್ ಹೆಸರುಗಳ ಜಾಗದಲ್ಲಿ ನಿಮ್ಮವನ್ನು ಹಾಕಿ):

ರೋಬೋಕಾಪಿ \\ಹಳೆಪಿಸಿ\ಡಿಸೈನ್ ಡಿ:\ಹೊಸಡಿಸೈನ್ /ಇ /ಡಿಕಾಪಿ:ಡಿಎಟಿ

ಫೈಲಿನ ತಾರೀಖು, ಹಿಡನ್, ರೀಡ್-ಓನ್ಲಿ ಗುರುತುಗಳನ್ನು ಅದು ತಾನಾಗೇ ತರುತ್ತೆ. /ಇ ಅಂದರೆ ಒಳಗಿನ ಫೋಲ್ಡರುಗಳೂ ಬರಲಿ ಅಂತ; ಫೋಲ್ಡರುಗಳ ತಾರೀಖಿಗಾಗಿಯೇ ಕೊನೆಯ ತುಂಡು. ಹೆಸರಿನ ನಡುವೆ ಜಾಗ ಇದ್ದರೆ ಇಡೀ ದಾರಿಯನ್ನು ಜೋಡಿ ಕೋಟ್ಸ್ ಒಳಗೆ ಹಾಕಿ. ಒಂದು ಮಾತು ಮರೀಬೇಡಿ: ಖಾಲಿ ಫೋಲ್ಡರಿಗೇ ಕಾಪಿ ಮಾಡಿ. ಈಗಾಗಲೇ ಬಂದಿರುವ ಫೈಲುಗಳ ಮೇಲೇ ಓಡಿಸಿದರೆ, ಅಳತೆ ಮತ್ತು ಮಾಡಿಫೈಡ್ ತಾರೀಖು ಒಂದೇ ಇರೋದರಿಂದ ‘ಇದು ಬಂದಿದೆ’ ಅಂತ ಬಿಟ್ಟು ಮುಂದೆ ಹೋಗುತ್ತೆ, ತಪ್ಪು ತಾರೀಖು ಹಾಗೇ ಉಳಿಯುತ್ತೆ.

ಯಾರಾದರೂ /ಎಂಐಆರ್ ಹಾಕಿ ಅಂದರೆ ದಯವಿಟ್ಟು ಬೇಡ. ಹಳೆಯದರಲ್ಲಿ ಇಲ್ಲದ ಫೈಲುಗಳನ್ನ ಅದು ಹೊಸ ಕಡೆಯಿಂದ ಅಳಿಸಿಬಿಡುತ್ತೆ. /ಕಾಪಿಆಲ್ ಕೂಡ ನಿಮಗೆ ಬೇಕಿಲ್ಲ. ಅದು ಮಾಲೀಕರ ಹೆಸರು, ಪರ್ಮಿಷನ್ನುಗಳನ್ನೂ ಹೊತ್ತು ತರುತ್ತೆ, ಆದರೆ ಹಳೆ ಕಂಪ್ಯೂಟರಿನ ಯೂಸರ್ ಯಾರು ಅಂತ ಹೊಸದಕ್ಕೆ ಗೊತ್ತೇ ಇರಲ್ಲ, ಆಮೇಲೆ ಫೈಲ್ ತೆರೆಯೋಕೇ ತಕರಾರು.

ಪ್ರಶ್ನೆ: ಧಾರವಾಡದ ಹಾಸ್ಟೆಲಿನಲ್ಲಿ ಎರಡು ಲಿನಕ್ಸ್ ಲ್ಯಾಪ್‌ಟಾಪ್ ಇವೆ. ಒಂದರಿಂದ ಇನ್ನೊಂದಕ್ಕೆ ಫೈಲ್ ಕಾಪಿ ಮಾಡೋಕೆ ಆರ್‌ಸಿಂಕ್ ಕಮಾಂಡಿಗೆ -ಎ ಹಾಕಿದರೆ ಸಾಕಾ?

ಉತ್ತರ: ನಿಮ್ಮ ಫೈಲುಗಳಿಗೆ ಸಾಕು. ಮಾಡಿಫೈಡ್ ಸಮಯ, ಪರ್ಮಿಷನ್, ಸಿಂಬಾಲಿಕ್ ಲಿಂಕ್ (ಬೇರೆ ಫೈಲಿನ ದಾರಿ ತೋರಿಸುವ ಗುರುತು) ಎಲ್ಲ ಬರುತ್ತೆ. ಮಾಲೀಕತನ ಉಳಿಯಬೇಕಾದರೆ ಮಾತ್ರ ಫೈಲ್ ಬರುವ ಕಡೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿರಬೇಕು. ಹಾರ್ಡ್ ಲಿಂಕಿಗೆ (ಒಂದೇ ಫೈಲಿಗೆ ಎರಡು ಹೆಸರು) ದೊಡ್ಡಕ್ಷರದ -ಎಚ್ ಬೇರೆ ಸೇರಿಸಬೇಕು. ಕಳಿಸುವ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿನ ಫೈಲುಗಳಷ್ಟೇ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೂ ಜೊತೆಗೆ ಹೋಗುತ್ತೆ. ಮೊದಲು -ಎನ್ ಜೊತೆಗೆ -ವಿ ಕೂಡ ಹಾಕಿ ಓಡಿಸಿ, ಏನೂ ಕಾಪಿ ಆಗದೆ ಏನೇನು ಹೋಗಲಿದೆ ಅನ್ನೋದು ಮಾತ್ರ ಕಾಣುತ್ತೆ.