ಸಂಪಾದಕರ ಉತ್ತರ: ಬಮಾಕೋದ ಸ್ಟುಡಿಯೋ ಪಟಗಳು

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ಆಫ್ರಿಕಾದ ಫೋಟೋಗಳನ್ನು ಹಾಕಿದ್ದೀರಿ. ಎಲ್ಲರೂ ಹೊಸ ಬಟ್ಟೆ ತೊಟ್ಟು, ರೇಡಿಯೋ ಹಿಡಿದು, ಸ್ಕೂಟರ್ ಮೇಲೆ ಕೂತು ಪೋಸ್ ಕೊಟ್ಟವರೇ. ಅಲ್ಲಿಯ ಬರ, ಹಸಿವು ಎಲ್ಲಿ? ನಿಜವಾದ ಆಫ್ರಿಕಾ ಯಾಕಿಲ್ಲ? ನಮಗೂ ಅದಕ್ಕೂ ಏನು ಸಂಬಂಧ?'

ಪ್ರಿಯ ಓದುಗರೇ,

ಪಟಗಳನ್ನು ನೀವು ಸರಿಯಾಗಿಯೇ ನೋಡಿದ್ದೀರಿ. ಅವು ಗಿರಾಕಿಗಳು ದುಡ್ಡು ಕೊಟ್ಟು ತೆಗೆಸಿಕೊಂಡ ಸ್ಟುಡಿಯೋ ಪಟಗಳು. ನನಗೆ ಅವು ಮುಖ್ಯ ಅನಿಸುವುದೂ ಅದಕ್ಕೇ. ಬರ, ಹಸಿವಿನ ಪಟಗಳನ್ನು ಹೆಚ್ಚಾಗಿ ತೆಗೆದವರು ಹೊರಗಿನಿಂದ ಹೋದವರು. ನೀನು ಹೇಗೆ ಕಾಣಬೇಕು ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೋದ ಸ್ಟುಡಿಯೋದಲ್ಲಿ ಅದು ಗಿರಾಕಿಯ ಇಷ್ಟ.

ಛಾಯಾಗ್ರಾಹಕ ಸೇದು ಕೇಟಾ 1948ರಲ್ಲಿ ಅಲ್ಲಿ ಸ್ಟುಡಿಯೋ ತೆರೆದರು. ಮಾಲಿ ಆಗಿನ್ನೂ ಫ್ರೆಂಚರ ಕೈಯಲ್ಲಿತ್ತು. ಹತ್ತಿರವೇ ರೈಲು ನಿಲ್ದಾಣ, ಹಾಗಾಗಿ ಪರಊರಿನವರೂ ಬರುತ್ತಿದ್ದರು. ಅಂಗಳದಲ್ಲಿ, ಬಿಸಿಲ ಬೆಳಕಲ್ಲೇ ಕೆಲಸ. ಫಿಲ್ಮ್ ದುಬಾರಿ, ಸಾಮಾನ್ಯವಾಗಿ ಒಂದೇ ಕ್ಲಿಕ್. ಗಿರಾಕಿಯ ಬೆನ್ನ ಹಿಂದೆ ಮೊದಲು ಕಟ್ಟಿದ್ದು ಅವರದೇ ಹಾಸಿಗೆಯ ಹೊದಿಕೆ, ಅಂಚಿಗೆ ಕುಚ್ಚು ಇದ್ದದ್ದು. ಎರಡು ಮೂರು ವರ್ಷಕ್ಕೊಮ್ಮೆ ಆ ಬಟ್ಟೆ ಬದಲಾಗುತ್ತಿತ್ತು. ಎಷ್ಟೋ ಕಾಲದ ನಂತರ, ಯಾವ ಪಟ ಯಾವಾಗಿನದು ಅಂತ ಅವರು ಹಿಂದಿನ ಬಟ್ಟೆ ನೋಡಿ ಹೇಳುತ್ತಿದ್ದರು. ಕೋಟು, ಟೈ, ಕೈಗಡಿಯಾರ, ಪೆನ್ನು, ರೇಡಿಯೋ ಎಲ್ಲ ಸ್ಟುಡಿಯೋದವೇ. ಬೇಕಾದವರು ಹಾಕಿಕೊಳ್ಳಬಹುದಿತ್ತು. ಎರವಲು ಗಡಿಯಾರ ಕಟ್ಟಿಕೊಂಡರೆ ಅದು ಸುಳ್ಳಲ್ವಾ ಅಂತ ನೀವು ಕೇಳಬಹುದು. ಪಟ್ಟಣದವನಾಗಿ, ಹೊಸ ಕಾಲದವನಾಗಿ ಬಾಳಬೇಕು ಅನ್ನುವ ಆಸೆಯಂತೂ ಸುಳ್ಳಲ್ಲ. ಪರರ ಆಳ್ವಿಕೆಯಲ್ಲಿ ಬದುಕುವ ಮನುಷ್ಯನಿಗೆ ಅದು ಸಣ್ಣ ಮಾತೇನೂ ಅಲ್ಲ.

ಇದೇ ಕೇಟಾರ ಪಟಗಳು 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿದ್ದವು. ತೆಗೆದವರು ಯಾರೆಂದು ಗೊತ್ತಿಲ್ಲ ಅಂತ ಅಲ್ಲಿ ಬರೆದಿದ್ದರು. ಆಗ ಅವರು ಬಮಾಕೋದಲ್ಲೇ ಇದ್ದರು, ಸಾವಿರಾರು ನೆಗೆಟಿವ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1960ರಲ್ಲಿ ಮಾಲಿ ಸ್ವತಂತ್ರವಾಯಿತು. ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು, ಮೆಚ್ಚಿನ ಗಾಯಕರ ಹೆಸರನ್ನೇ ಗುಂಪಿಗಿಟ್ಟು, ರೆಕಾರ್ಡ್ ಹಾಕಿ ಟ್ವಿಸ್ಟ್ ಕುಣಿಯತೊಡಗಿದರು. ಮಾಲಿಕ್ ಸಿದಿಬೆ ಕ್ಯಾಮೆರಾ ಹಿಡಿದು ಆ ಪಾರ್ಟಿಗಳಿಗೆ ಹೋಗುತ್ತಿದ್ದರು. ಆಮೇಲೆ ಪುಟ್ಟ ಪ್ರಿಂಟ್‌ಗಳನ್ನು ರಟ್ಟಿನ ಮೇಲೆ ಅಂಟಿಸಿ, ನಂಬರ್ ಹಾಕಿ ಇಡುತ್ತಿದ್ದರು. ಕುಣಿದವರು ಬಂದು ತಮ್ಮ ಪಟ ಆರಿಸಿಕೊಳ್ಳುತ್ತಿದ್ದರು. 1963ರ ಕ್ರಿಸ್‌ಮಸ್ ರಾತ್ರಿಯ ಒಂದು ಪಟ ನೋಡಿ. ಸೂಟು ತೊಟ್ಟ ಹುಡುಗ, ಬರಿಗಾಲ ಹುಡುಗಿ. ತಲೆಗಳು ಇನ್ನೇನು ತಾಗಬೇಕು, ಇಬ್ಬರ ಗಮನವೂ ಹೆಜ್ಜೆಗಳ ಮೇಲೆ. ಹೊಸ ದೇಶದ ಸಂಭ್ರಮವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಭಾಷಣ ನಾನು ಕೇಳಿಲ್ಲ. 2007ರಲ್ಲಿ ಇಟಲಿಯ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿಯೆನಾಲೆ ಜೀವಮಾನದ ಸಾಧನೆಗಾಗಿ ಸಿದಿಬೆಗೆ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಅದೇ ಮೊದಲು.

ಇನ್ನು ನಮಗೇನು ಸಂಬಂಧ ಅಂದಿರಿ. ಸೆನೆಗಲ್‌ನ ಛಾಯಾಗ್ರಾಹಕ ಒಮರ್ ವಿಕ್ಟರ್ ಡಿಯೋಪ್ 2014ರ ತಮ್ಮ ಸರಣಿಯಲ್ಲಿ, ಆಫ್ರಿಕಾದಿಂದ ಹೊರಹೋಗಿ ಹೆಸರು ಮಾಡಿದವರ ಹಳೆಯ ಚಿತ್ರಗಳನ್ನು ನೋಡಿ, ತಾವೇ ಅವರ ವೇಷ ತೊಟ್ಟು ಪಟ ತೆಗೆದುಕೊಂಡರು. ಪಟಗಳಲ್ಲಿ ಫುಟ್‌ಬಾಲ್ ಸಾಮಾನೂ ಇದೆ: ಎಲ್ಲೋ ಚೆಂಡು, ಎಲ್ಲೋ ಗೋಲ್‌ಕೀಪರ್ ಕೈಗವಸು. ಯುರೋಪಿನಲ್ಲಿ ಆಫ್ರಿಕಾದ ಆಟಗಾರರಿಗೆ ಜೈಕಾರವೂ ಸಿಗುತ್ತದೆ, ಬೈಗುಳವೂ ಸಿಗುತ್ತದೆ. ವೇಷದ ಆ ವೀರರ ಬಾಳೂ ಹಾಗೇ ಇತ್ತು ಅನ್ನುವುದು ಡಿಯೋಪ್ ನೋಟ. ಅವರಲ್ಲೊಬ್ಬ ಇಖ್ಲಾಸ್ ಖಾನ್. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ವಿಜಯಪುರದ ಆಡಳಿತ ನೋಡಿದ ಹಬಶಿ, ಅಂದರೆ ಆಫ್ರಿಕಾ ಮೂಲದ, ಮಂತ್ರಿ. ನಮ್ಮ ಎಷ್ಟು ಪಠ್ಯಪುಸ್ತಕಗಳಲ್ಲಿ ಅವನಿದ್ದಾನೆ, ಹೇಳಿ?

ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದವರೇ ಆದ ಸಿದ್ದಿಗಳ ಪಟಗಳನ್ನೂ ಹಾಕಬೇಕೆಂದಿದ್ದೇವೆ. ಯಾವ ಪಟ ಅನ್ನುವುದನ್ನು ಅವರೇ ಆರಿಸುತ್ತಾರೆ. ನೋಡಿ ಮತ್ತೆ ಬರೆಯಿರಿ.

- ಸಂ.