ಮಕ್ಕಳು ತಿನ್ನುವ ಚಿಪ್ಸ್‌ನಲ್ಲಿ ಡಿಎನ್‌ಎಗೆ ಹಾನಿ ಮಾಡುವ ವಸ್ತು ಇದೆಯೇ ಎಂದು ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಬಹುದೇ?

ಮೇಡಂ, ಮಗಳು ಟ್ಯೂಷನ್ ಮುಗಿಸಿ ಬರುವಾಗ ದಿನಾ ತಿನ್ನುವ ಚಿಪ್ಸನ್ನು ಲ್ಯಾಬಿಗೆ ಕೊಡಬೇಕು ಅಂದಿದ್ದೀರಿ. ನಾನು ಇಲ್ಲೇ ಬೆಂಗಳೂರಿನಲ್ಲಿ ಇಂಥ ಪರೀಕ್ಷೆಗಳ ಕೆಲಸದಲ್ಲಿರುವವಳು. ಖಂಡಿತ ಕೊಡಿ. ಆದರೆ ‘ಡಿಎನ್‌ಎ ಹಾನಿ ಪರೀಕ್ಷೆ ಮಾಡಿ’ ಅಂತ ಮಾತ್ರ ಕೇಳಬೇಡಿ.

ಅದಕ್ಕೆ ಹೆಸರಾದದ್ದು 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ರೂಪಿಸಿದ ಏಮ್ಸ್ ಪರೀಕ್ಷೆ. ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು, ಹಿಸ್ಟಿಡಿನ್ ಹೆಚ್ಚುಕಡಿಮೆ ಇಲ್ಲದ ತಟ್ಟೆಯಲ್ಲಿ ಬಿಡುತ್ತೇವೆ. ಪರೀಕ್ಷಿಸುವ ವಸ್ತು ಜೀನನ್ನು ಬದಲಿಸಿದರೆ, ಕೆಲವು ಬ್ಯಾಕ್ಟೀರಿಯಾ ಆ ಶಕ್ತಿಯನ್ನು ಮರಳಿ ಪಡೆದು ಚುಕ್ಕಿಚುಕ್ಕಿಯಾಗಿ ಬೆಳೆಯುತ್ತವೆ. ಒಂದು ಶುದ್ಧ ಬಣ್ಣವನ್ನೋ ಸಂರಕ್ಷಕವನ್ನೋ ನೋಡಲು ಇದು ಬಹಳ ಒಳ್ಳೆಯ ವಿಧಾನ. ಇಡೀ ತಿಂಡಿಯನ್ನು ಅರೆದು ಹಾಕಿದರೆ ಮಾತ್ರ ಫಲಿತಾಂಶ ಕೆಡುತ್ತದೆ: ಆಹಾರದಲ್ಲಿ ಸಹಜವಾಗಿಯೇ ಇರುವ ಹಿಸ್ಟಿಡಿನ್ ಸಿಕ್ಕಿ, ಜೀನ್ ಬದಲಾಗದೆಯೂ ಬ್ಯಾಕ್ಟೀರಿಯಾ ಬೆಳೆದುಬಿಡಬಹುದು. ಕಾಲೇಜುಗಳಲ್ಲಿ ಈರುಳ್ಳಿ ಬೇರಿನ ಮೇಲೆ ಮಾಡುವ ಪರೀಕ್ಷೆಯಲ್ಲೂ ಇದೇ ಪೇಚು. ಚಿಪ್ಸಿನ ಉಪ್ಪೇ ಬೇರನ್ನು ಕುಂಠಿಸುತ್ತದೆ. ಅಂಥ ಫಲಿತಾಂಶ ಹಿಡಿದು ತಾಯಂದಿರು ಹೆದರುವುದು ಕಂಡರೆ ನನಗೆ ಸಂಕಟವಾಗುತ್ತದೆ.

ಆಲೂಗಡ್ಡೆ ಚಿಪ್ಸ್ ಆದರೆ ಅಕ್ರಿಲಮೈಡ್ ಎಷ್ಟಿದೆ ಅಂತ ಕೇಳಿ. ನನ್ನ ಮೊದಲ ಅನುಮಾನ ಅದರ ಮೇಲೆ. ಅದನ್ನು ಯಾರೂ ಬೆರೆಸುವುದಿಲ್ಲ, ಹಾಗಾಗಿ ಪ್ಯಾಕೆಟ್ಟಿನ ಹಿಂದಿನ ಪಟ್ಟಿಯಲ್ಲೂ ಇರುವುದಿಲ್ಲ. ಆಲೂಗಡ್ಡೆಯಲ್ಲಿರುವ ಆಸ್ಪರಾಜಿನ್ ಎಂಬ ಅಮೈನೊ ಆಮ್ಲ ಮತ್ತು ಸಕ್ಕರೆಯ ಅಂಶ 120 ಡಿಗ್ರಿ ಮೀರಿದ ಕಾವಿನಲ್ಲಿ ಕೂಡಿದಾಗ ಹುಟ್ಟುತ್ತದೆ. ದೇಹದೊಳಗೆ ಗ್ಲೈಸಿಡಮೈಡ್ ಎಂಬ ವಸ್ತುವಾಗಿ ಬದಲಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆಹಾರದಲ್ಲಿ ಇದಿದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ್ದು 2002ರಲ್ಲಿ. ಮನೆಯ ಬಾಣಲೆಯಲ್ಲಿ ಕಂದು ಬಣ್ಣ ಬರುವಷ್ಟು ಕರಿದರೂ ಬರುತ್ತದೆ, ಅದೂ ನೆನಪಿರಲಿ.

ಬಿಡಿಯಾಗಿ ಕಟ್ಟಿಕೊಡುವ ಬಣ್ಣಬಣ್ಣದ ತಿಂಡಿಯಾದರೆ ರೊಡಮೈನ್-ಬಿ, ಮೆಟಾನಿಲ್ ಯೆಲ್ಲೋ ಎಂಬ, ಆಹಾರಕ್ಕೆ ಹಾಕಬಾರದ ಬಣ್ಣಗಳನ್ನು ಹುಡುಕಿಸಿ. ಮಾದರಿಗಳಲ್ಲಿ ರೊಡಮೈನ್-ಬಿ ಸಿಕ್ಕಿದ ಮೇಲೆಯೇ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು.

ಇನ್ನೊಂದು ದಾರಿ ತುಂಬಾ ಜನರಿಗೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ನಿಯಮ ಮೀರಿದ್ದು ಕಂಡುಬಂದರೆ ಆ ಶುಲ್ಕ ವಾಪಸ್. ಆದರೆ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಬಿಲ್ ಕೇಳಿ ಪಡೆಯಿರಿ, ಪ್ಯಾಕೆಟ್ ಒಡೆಯದೆ ಕೊಡಿ, ಅದೇ ಬ್ಯಾಚ್ ನಂಬರಿನ ಇನ್ನೊಂದನ್ನು ಮನೆಯಲ್ಲಿ ಇಟ್ಟುಕೊಂಡಿರಿ.